ಚಳಿಗಾಲದಲ್ಲಿ ಕೆರೆಯ ಮೀನು ಎಲ್ಲಿರುತ್ತದೆ: ಆಳದಲ್ಲೋ, ದಂಡೆಯಲ್ಲೋ?

ಹೊಸಗಾಳ

ಬೇಸಿಗೆಯಲ್ಲಿ ಬೆಳಗಿನ ಜಾವವೇ ದಂಡೆಗೆ ಬಂದು ಎರೆ ಕಚ್ಚುತ್ತಿದ್ದ ಗೆಂಡೆಗಳು ಚಳಿ ಬಿದ್ದ ಮೇಲೆ ಕಾಣೆಯಾಗಿವೆ. ಅದೇ ಜಾಗ, ಅದೇ ಎರೆ, ಅದೇ ಹೊತ್ತು. ಬೆಂಡು ಮಾತ್ರ ಅಲುಗುವುದಿಲ್ಲ. ಕೇಳಿದರೆ ಕೆಲವರು, "ಆಳಕ್ಕೆ ಹಾಕು, ಚಳಿಗಾಲದಲ್ಲಿ ತಳದ ನೀರೇ ಬೆಚ್ಚಗಿರುತ್ತದೆ" ಎನ್ನುತ್ತಾರೆ. ಇನ್ನು ಕೆಲವರು, "ಬಿಸಿಲೇರಿದ ಮೇಲೆ ಮೊಣಕಾಲುದ್ದದ ನೀರಿನಲ್ಲಿ ನೋಡು" ಎನ್ನುತ್ತಾರೆ. ಎರಡೂ ಮಾತು ಹೇಳುವವರು ಅನುಭವಿಗಳೇ. ನಾನು ಯಾರನ್ನು ನಂಬಲಿ?

ಹಿಮದಹೆಜ್ಜೆ

ಆಳ. ಇದರಲ್ಲಿ ಎರಡು ಮಾತಿಲ್ಲ. ಮಂಜುಗಡ್ಡೆ ಕೊರೆದು ಮೀನು ಹಿಡಿಯುವವರನ್ನು ಯಾರನ್ನೇ ಕೇಳಿ. ಗಡ್ಡೆಯ ಕೆಳಗಿನ ನೀರು ಸೊನ್ನೆಯ ಹತ್ತಿರ ಇರುತ್ತದೆ, ತಳದಲ್ಲಿ 4 ಡಿಗ್ರಿ. ಮೀನಿಗೆ ಆ ವ್ಯತ್ಯಾಸ ದೊಡ್ಡದು.

ಕೆರೆದಂಡೆ

ನಾನು ಒಪ್ಪುವುದಿಲ್ಲ. ನಾನು ಗಾಳ ಹಾಕುವ ಕೆರೆ ಎಂದೂ ಹೆಪ್ಪುಗಟ್ಟುವುದಿಲ್ಲ. ಅಲ್ಲಿ ಚಳಿಗಾಲದ ಮಧ್ಯಾಹ್ನ ಗೆಂಡೆಗಳು ಜೊಂಡಿನ ಅಂಚಿನಲ್ಲಿ ಬೆನ್ನು ಕಾಣುವಷ್ಟು ಮೇಲೆ ಬಂದು ನಿಂತಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಆಳದಲ್ಲಿ ಬೆಚ್ಚಗಿದ್ದರೆ ಅವು ಅಲ್ಲಿಗೇಕೆ ಬರಬೇಕು?

ಮೀನುಜೀವಿ

ಇಬ್ಬರೂ ನಿಮ್ಮ ನಿಮ್ಮ ನೀರಿನ ಬಗ್ಗೆ ಸರಿಯಾಗಿಯೇ ಹೇಳುತ್ತಿದ್ದೀರಿ. ಜಗಳದ ಮೂಲ ಇರುವುದು ಆ 4 ಡಿಗ್ರಿಯಲ್ಲಿ.

ಸಿಹಿನೀರು ಅತ್ಯಂತ ಭಾರವಾಗಿರುವುದು ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕಿಂತ ಬಿಸಿಯಾದ ನೀರೂ ಹಗುರ, ತಣ್ಣಗಾದ ನೀರೂ ಹಗುರ. ಸರೋವರವೊಂದು 15 ಡಿಗ್ರಿಯಿಂದ ಮೆಲ್ಲನೆ ತಣಿಯತೊಡಗಿತು ಎನ್ನಿ. ರಾತ್ರಿಯ ಚಳಿಗೆ ಮೇಲ್ಪದರ ತಣ್ಣಗಾಗುತ್ತದೆ, ಭಾರವಾಗಿ ಕೆಳಗಿಳಿಯುತ್ತದೆ, ಕೆಳಗಿನ ನೀರು ಮೇಲೆ ಬರುತ್ತದೆ. ಹೀಗೆ ಮಗುಚುತ್ತಾ ಮಗುಚುತ್ತಾ ಇಡೀ ಸರೋವರ 4 ಡಿಗ್ರಿಗೆ ಬಂದು ಮುಟ್ಟಿದ ಮೇಲೆ ಆಟ ತಿರುಗುತ್ತದೆ. ಇನ್ನೂ ತಣ್ಣಗಾದ ನೀರು ಹಗುರವಾದ್ದರಿಂದ ಮೇಲೆಯೇ ಉಳಿದು ಅಲ್ಲಿಯೇ ಗಡ್ಡೆಯಾಗುತ್ತದೆ. ತಳ 4 ಡಿಗ್ರಿಯ ಆಸುಪಾಸಿನಲ್ಲಿ ಉಳಿಯುತ್ತದೆ. ಹಿಮದಹೆಜ್ಜೆಯವರು ನಿಂತಿರುವುದು ಈ ನೀರಿನ ಮೇಲೆ.

ಚಳಿಗಾಲದಲ್ಲೂ 12ರಿಂದ 18 ಡಿಗ್ರಿಯ ನಡುವೆ ಇರುವ ಕೆರೆಯಲ್ಲಿ ಆ ತಿರುವು ಬರುವುದೇ ಇಲ್ಲ. ಅಲ್ಲಿ ತಣ್ಣಗಿನ ನೀರು ಯಾವಾಗಲೂ ಕೆಳಗೆ, ಬೆಚ್ಚಗಿನದು ಯಾವಾಗಲೂ ಮೇಲೆ. ರಾತ್ರಿ ಪೂರ್ತಿ ಮಗುಚಿ ಬೆಳಗಿನ ಹೊತ್ತಿಗೆ ಮೇಲಿಂದ ಕೆಳಗೆ ಬಹುಪಾಲು ಒಂದೇ ಉಷ್ಣತೆ ಇರುತ್ತದೆ. ಹಗಲಿನ ಬಿಸಿಲು ಮೊದಲು ಕಾಯಿಸುವುದು ತೆಳುವಾದ ಮೇಲ್ಪದರವನ್ನು ಮತ್ತು ದಂಡೆಯ ಕಡಿಮೆ ಆಳದ ನೀರನ್ನು. ಅಂಥ ಕೆರೆಯಲ್ಲಿ "ಆಳ ಬೆಚ್ಚಗೆ" ಎಂಬ ಮಾತು ಪೂರಾ ತಲೆಕೆಳಗು.

ಹೊಸಗಾಳ ಅವರೇ, ನಿಮ್ಮ ಕೆರೆ ಹೆಪ್ಪುಗಟ್ಟುತ್ತದೆಯೇ ಎಂಬುದನ್ನು ಮೊದಲು ತಿಳಿಸಿ. ಮಿಕ್ಕ ಉತ್ತರವೆಲ್ಲ ಅದರ ಮೇಲೆ ನಿಂತಿದೆ.

ಹೊಸಗಾಳ

ಹೆಪ್ಪುಗಟ್ಟುವುದಿಲ್ಲ. ಬೆಳಿಗ್ಗೆ ಮಂಜು ಮುಸುಕಿರುತ್ತದೆ, ಕೈ ಇಟ್ಟರೆ ನೀರು ಕೊರೆಯುತ್ತದೆ, ಆದರೆ ಗಡ್ಡೆ ಕಂಡಿಲ್ಲ.

ಆಳನೀರು

ಹಾಗಿದ್ದರೆ ಮೊದಲು ಬೆಳಗಿನ ಜಾವ ಹೋಗುವುದನ್ನು ಬಿಡಿ. ಆ ಹೊತ್ತಿನಲ್ಲಿ ನೀರು ದಿನದಲ್ಲೇ ಅತಿ ತಣ್ಣಗಿರುತ್ತದೆ. ಮಧ್ಯಾಹ್ನ ಹನ್ನೆರಡರಿಂದ ಸಂಜೆ ನಾಲ್ಕರವರೆಗೆ ಕೂತು ನೋಡಿ.

ಆದರೂ ನಾನು ಆಳದ ಪಕ್ಷವನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ. ಆಳದ ನೀರು ಬೆಚ್ಚಗಿಲ್ಲದಿರಬಹುದು, ಆದರೆ ಅದು ಏರುಪೇರಾಗುವುದಿಲ್ಲ. ದಂಡೆಯ ನೀರು ಹಗಲು ಎರಡು ಡಿಗ್ರಿ ಏರಿ ರಾತ್ರಿ ಅಷ್ಟೇ ಇಳಿಯುತ್ತದೆ. ಮೋಡ ಕವಿದು ತಣ್ಣನೆ ಗಾಳಿ ಬೀಸುವ ದಿನ ಗೆಂಡೆಗಳು ಆಳದಲ್ಲಿ ಗುಂಪುಗಟ್ಟಿ ಅಲುಗಾಡದೆ ನಿಲ್ಲುತ್ತವೆ. ಸತತವಾಗಿ ಬಿಸಿಲು ಬಿದ್ದ ದಿನಗಳಲ್ಲಿ ದಂಡೆ, ಚಳಿಗಾಳಿ ಹೊಡೆದ ದಿನ ಆಳದ ಅಂಚು. ಅಂಚು ಎಂದರೆ ದಂಡೆಯ ಇಳಿಜಾರು ಮುಗಿದು ಗುಂಡಿ ಶುರುವಾಗುವ ಜಾಗ. ಮೀನು ಎತ್ತ ಹೋಗಬೇಕಾದರೂ ಅಲ್ಲಿಂದಲೇ ಹಾಯಬೇಕು.

ಕೆರೆದಂಡೆ

ಇದನ್ನು ಒಪ್ಪುತ್ತೇನೆ. ಆದರೆ ಎಲ್ಲ ದಂಡೆಯೂ ಒಂದೇ ಅಲ್ಲ. ಉತ್ತರಾರ್ಧ ಗೋಳದಲ್ಲಿ ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿ ಸಾಗುತ್ತಾನೆ. ದಕ್ಷಿಣ ದಂಡೆಯಲ್ಲಿ ಮರಗಳಿದ್ದರೆ ಅವುಗಳ ನೆರಳು ದಿನವಿಡೀ ನೀರಿನ ಮೇಲೆಯೇ ಇರುತ್ತದೆ. ಉತ್ತರ ದಂಡೆಗೆ ಹೆಚ್ಚು ಹೊತ್ತು ಬಿಸಿಲು ಬೀಳುತ್ತದೆ. ಅದರಲ್ಲೂ ಕಪ್ಪು ಕೆಸರಿನ ತಳ, ಕಲ್ಲು ಕಟ್ಟಿದ ಏರಿ, ಒಣಗಿ ನಿಂತ ಜೊಂಡು ಇದ್ದ ಕಡೆ ನೀರು ಬೇಗ ಕಾಯುತ್ತದೆ.

ಬೇಸಿಗೆಯಲ್ಲಿ ಗಾಳಿ ಯಾವ ದಂಡೆಗೆ ಬಡಿಯುತ್ತದೋ ಆ ದಂಡೆಯಲ್ಲಿ ಕೂರಬೇಕು ಎಂಬುದು ಎಲ್ಲರಿಗೂ ಗೊತ್ತು, ಆಹಾರ ಅಲ್ಲಿಗೇ ತೇಲಿಬರುತ್ತದೆ. ಚಳಿಗಾಲದಲ್ಲಿ ಈ ಲೆಕ್ಕವನ್ನು ಕಣ್ಣು ಮುಚ್ಚಿ ನಂಬಬೇಡಿ. ಬೆಚ್ಚಗಿನ ಗಾಳಿಯಾದರೆ ಸರಿ, ಮೇಲ್ಪದರದ ಬಿಸಿ ನೀರನ್ನು ಅದು ಆ ದಂಡೆಗೆ ತಳ್ಳುತ್ತದೆ. ಕೊರೆಯುವ ಗಾಳಿಯಾದರೆ ಗಾಳಿ ತಾಗದ ಮರೆಯ ದಂಡೆಯೇ ವಾಸಿ.

ಇನ್ನೊಂದು ಜಾಗ: ಒರತೆ. ಅಂತರ್ಜಲದ ಉಷ್ಣತೆ ವರ್ಷವಿಡೀ ಹೆಚ್ಚು ಬದಲಾಗುವುದಿಲ್ಲ, ಆ ಸ್ಥಳದ ವಾರ್ಷಿಕ ಸರಾಸರಿ ಉಷ್ಣತೆಗೆ ಹತ್ತಿರವಿರುತ್ತದೆ. ಹಾಗಾಗಿ ಬೇಸಿಗೆಯಲ್ಲಿ ತಂಪೆನಿಸುವ ಒರತೆ ಚಳಿಗಾಲದಲ್ಲಿ ಸುತ್ತಲಿನ ನೀರಿಗಿಂತ ಬೆಚ್ಚಗಿರುತ್ತದೆ. ಬೆಳಗಿನ ಮಂಜಿನಲ್ಲಿ ನೀರಿನ ಮೇಲೆ ಒಂದೇ ಕಡೆ ಹಬೆ ದಟ್ಟವಾಗಿ ಏಳುತ್ತಿದ್ದರೆ ಆ ಜಾಗವನ್ನು ಗುರುತಿಟ್ಟುಕೊಳ್ಳಿ.

ನಿಧಾನಿ

ಜಾಗದ ಚರ್ಚೆ ಚೆನ್ನಾಗಿ ನಡೆದಿದೆ. ಆದರೆ ಸರಿಯಾದ ಜಾಗದಲ್ಲೇ ಕೂತು, ಮೀನು ಎರೆಯನ್ನು ಬಾಯಿಗೆ ತೆಗೆದುಕೊಂಡು ಉಗುಳಿ ಹೋದದ್ದು ತಿಳಿಯದೆ "ಕಚ್ಚಲೇ ಇಲ್ಲ" ಎಂದು ಮನೆಗೆ ಹೋಗುವವರೇ ಚಳಿಗಾಲದಲ್ಲಿ ಹೆಚ್ಚು.

ಮೀನಿನ ರಕ್ತ ನೀರಿನಷ್ಟೇ ತಣ್ಣಗಿರುತ್ತದೆ. ನೀರು 10 ಡಿಗ್ರಿ ಇಳಿದರೆ ಅದರ ದೇಹದ ಕೆಲಸವೆಲ್ಲ ಸರಿಸುಮಾರು ಅರ್ಧ ವೇಗಕ್ಕೆ, ಕೆಲವೊಮ್ಮೆ ಅದಕ್ಕಿಂತಲೂ ಕೆಳಗೆ ಬೀಳುತ್ತದೆ. ತಿಂದದ್ದು ಕರಗಲು ಹೆಚ್ಚು ಹೊತ್ತು ಬೇಕು, ಹಸಿವು ಕಡಿಮೆ, ಅಟ್ಟಿಸಿಕೊಂಡು ಹೋಗುವ ಉಮೇದು ಇಲ್ಲ. ಬೇಸಿಗೆಯಲ್ಲಿ ಬೆಂಡನ್ನು ಸೆಳೆದು ಮುಳುಗಿಸುವ ಅದೇ ಗೆಂಡೆ ಈಗ ನಿಂತಲ್ಲೇ ಎರೆಯನ್ನು ಹೀರಿ, ಕ್ಷಣ ಹೊತ್ತು ಬಾಯಲ್ಲಿಟ್ಟು, ಗಟ್ಟಿ ಏನೋ ತಾಗಿತೆಂದರೆ ಊದಿಬಿಡುತ್ತದೆ. ಆ ಹೊತ್ತಿನಲ್ಲಿ ದಾರ ಚಲಿಸುವುದು ಬೆರಳಿನ ದಪ್ಪದಷ್ಟೂ ಇಲ್ಲ.

ನಾನು ಕಟ್ಟುವ ಕ್ರಮ ಇದು. ತೆಳ್ಳನೆಯ ಉದ್ದ ಬೆಂಡು, ನವಿಲುಗರಿಯ ದಂಟಿನದಾದರೆ ಇನ್ನೂ ಒಳ್ಳೆಯದು. ಸೀಸದ ಗುಂಡುಗಳಲ್ಲಿ ಹೆಚ್ಚಿನವು ಬೆಂಡಿನ ಹತ್ತಿರ, ಒಂದೇ ಒಂದು ಸಣ್ಣ ಗುಂಡು ಗಾಳದಿಂದ ಒಂದು ಗೇಣು ಮೇಲೆ. ಗಾಳಕ್ಕೆ ಭಾರದ ಸೀಸ ಸಿಕ್ಕಿಸಿ ನೀರಿಗೆ ಬಿಟ್ಟು ಮೊದಲು ಆಳ ಅಳೆಯುತ್ತೇನೆ. ಆಮೇಲೆ ಆ ಸಣ್ಣ ಗುಂಡು ತಳವನ್ನು ಮುಟ್ಟಿಯೂ ಮುಟ್ಟದಂತೆ ಬೆಂಡನ್ನು ಸರಿಸುತ್ತೇನೆ. ನೀರಿನ ಮೇಲೆ ಕಾಣಬೇಕಾದದ್ದು ಬೆಂಡಿನ ತುದಿಯ ಒಂದು ಅಕ್ಕಿಕಾಳಿನಷ್ಟು ಮಾತ್ರ.

ಈಗ ಕಣ್ಣನ್ನು ಆ ತುದಿಯ ಮೇಲೆ ಇಡಿ. ಗೆಂಡೆ ತಲೆ ಬಗ್ಗಿಸಿ ತಳದಿಂದ ಎರೆಯನ್ನು ಎತ್ತುತ್ತದೆ, ಜೊತೆಗೆ ಆ ಸಣ್ಣ ಗುಂಡೂ ಏಳುತ್ತದೆ. ಗುಂಡಿನ ಭಾರ ತಪ್ಪಿದ್ದರಿಂದ ಬೆಂಡು ಮುಳುಗುವ ಬದಲು ಮೇಲೇಳುತ್ತದೆ. ಒಂದು ಕಾಳಿನಷ್ಟಿದ್ದ ತುದಿ ಎರಡು ಕಾಳಿನಷ್ಟಾಗುತ್ತದೆ, ನೀರಿನ ಮಟ್ಟದಲ್ಲಿ ಒದ್ದೆಯಾಗಿ ಮಿನುಗುವ ಹೊಸ ಗೆರೆಯೊಂದು ಕಾಣಿಸುತ್ತದೆ. ಕೋಲು ಎತ್ತಬೇಕಾದ ಗಳಿಗೆ ಅದೇ, ಮುಳುಗುವುದನ್ನು ಕಾಯುತ್ತಾ ಕೂತರೆ ಮೀನು ಹೋಯಿತು. ಕೆಲವೊಮ್ಮೆ ಬೆಂಡು ಗಾಳಿಗೆ ಎದುರಾಗಿ ಅರ್ಧ ಅಂಗುಲ ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಅದೂ ಕಚ್ಚೇ. ಎತ್ತುವಾಗ ಜಗ್ಗಬೇಡಿ, ಮಣಿಕಟ್ಟಿನಿಂದ ಮೆತ್ತಗೆ ಎತ್ತಿದರೆ ಸಾಕು.

ಗಾಳ ಎರಡು ಅಳತೆ ಚಿಕ್ಕದಿರಲಿ. ದಾರವೂ ತೆಳುವಾಗಿರಲಿ, ಏಕೆಂದರೆ ಪಾಚಿ ಕಡಿಮೆಯಾಗಿ ನೀರು ತಿಳಿಯಾಗಿರುತ್ತದೆ, ಮೀನಿಗೆ ಎಲ್ಲವೂ ಕಾಣುತ್ತದೆ. ಇಡೀ ಎರೆಹುಳುವಿನ ಬದಲು ಕಿರುಬೆರಳಿನ ಉಗುರಿನಷ್ಟು ತುಂಡು ಸಾಕು. ತುಂಡರಿಸಿದ ಹುಳುವಿನ ವಾಸನೆ ತಣ್ಣನೆಯ ನೀರಿನಲ್ಲೂ ಹರಡುತ್ತದೆ.

ಹೊಸಗಾಳ

ಬೆಂಡು ಮೇಲೇಳುವುದನ್ನು ಗಾಳಿಯ ಅಲೆ ಎಂದೇ ಬಿಡುತ್ತಿದ್ದೆ! ಇನ್ನೊಂದು ಕೇಳಲೇ? ಮೀನನ್ನು ಸೆಳೆಯಲು ಮೊದಲೇ ಹಿಟ್ಟಿನ ಉಂಡೆಗಳನ್ನು ಎಸೆಯುತ್ತೇವಲ್ಲ, ಈಗ ಹೆಚ್ಚು ಎಸೆದರೆ ಬಂದಾವೇ?

ನಿಧಾನಿ

ಹೆಚ್ಚು ಎಸೆಯಬೇಡಿ. ಅದರ ದಿನದ ಹಸಿವನ್ನು ನಿಮ್ಮ ಒಂದೇ ಉಂಡೆ ತೀರಿಸಿಬಿಡುತ್ತದೆ, ಆಮೇಲೆ ಗಾಳದ ಎರೆ ಯಾರಿಗೆ ಬೇಕು? ಒಂದು ಚಿಟಿಕೆ ಪುಡಿ, ನೀರು ಮೋಡದಂತಾಗುವಷ್ಟು, ಅಷ್ಟೇ. ಕಚ್ಚು ಕಂಡ ಮೇಲೆ ಇನ್ನೊಂದು ಚಿಟಿಕೆ.

ಆಳನೀರು

ಎಲ್ಲ ಮೀನಿಗೂ ಗೆಂಡೆಯ ಲೆಕ್ಕ ಹಾಕಬಾರದು ಎಂದೂ ಹೇಳಬೇಕು. ತಿಲಾಪಿಯಾ 16-17 ಡಿಗ್ರಿಗೆ ಇಳಿದರೆ ತಿನ್ನುವುದನ್ನು ಬಹುತೇಕ ನಿಲ್ಲಿಸುತ್ತದೆ. 10-12 ಡಿಗ್ರಿ ಅದರ ಪ್ರಾಣಕ್ಕೇ ಕುತ್ತು. ರೋಹು 14 ಡಿಗ್ರಿಯ ಕೆಳಗೆ ಸೊರಗುತ್ತದೆ. ಸಾಮಾನ್ಯ ಗೆಂಡೆ ಇವಕ್ಕಿಂತ ಗಟ್ಟಿ, ಆದರೂ 10 ಡಿಗ್ರಿಯ ಕೆಳಗೆ ಅದರ ಬಾಯಿ ತೆರೆಸುವುದು ಕಷ್ಟ. ಟ್ರೌಟ್‌ಗೆ ಆ 10 ಡಿಗ್ರಿಯೇ ಸುಖ. ಪೈಕ್ ಇನ್ನೂ ತಣ್ಣನೆಯ ನೀರಿನಲ್ಲೂ ಬೇಟೆಯಾಡುತ್ತದೆ. ಬರ್ಬಟ್ ಎಂಬ ಕಾಡ್ ಕುಲದ ಸಿಹಿನೀರಿನ ಮೀನಂತೂ ನಡುಚಳಿಯಲ್ಲಿ ಮಂಜುಗಡ್ಡೆಯ ಕೆಳಗೇ ಮೊಟ್ಟೆ ಇಡುತ್ತದೆ.

ಕೊರವ ಮೀನಿನದು ಬೇರೆಯೇ ದಾರಿ. ಅದು ಗಾಳಿಯನ್ನೂ ಉಸಿರಾಡುವ ಮೀನು, ಆಗಾಗ ಮೇಲೆ ಬಂದು ಗುಟುಕು ಗಾಳಿ ತೆಗೆದುಕೊಳ್ಳಲೇಬೇಕು. ಚಳಿಯಲ್ಲಿ ಆ ಗುಟುಕುಗಳ ನಡುವಿನ ಅಂತರ ಉದ್ದವಾಗುತ್ತದೆ. ಮಧ್ಯಾಹ್ನ ಜೊಂಡಿನ ನಡುವೆ ಮೆಲ್ಲನೆ ಗುಳ್ಳೆಯೊಡೆದದ್ದು ಕಂಡರೆ ಅಲ್ಲಿಗೇ ಎರೆಯನ್ನು ಇಳಿಸಿ ಅಲುಗಿಸದೆ ಬಿಡಿ.

ಮೀನುಜೀವಿ

ಉಷ್ಣತೆಯ ಜೊತೆಗೆ ಆಮ್ಲಜನಕವನ್ನೂ ನೋಡಬೇಕು. ತಣ್ಣನೆಯ ನೀರು ಹೆಚ್ಚು ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ: 30 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 7.5 ಮಿಲಿಗ್ರಾಂ, 10 ಡಿಗ್ರಿಯಲ್ಲಿ 11ಕ್ಕೂ ಮೇಲೆ, ಸೊನ್ನೆಯಲ್ಲಿ 14.6. ಆದ್ದರಿಂದ ಚಳಿಗಾಲದಲ್ಲಿ ಮೀನಿಗೆ ಉಸಿರಿನ ತೊಂದರೆಯೇ ಇಲ್ಲ ಎಂದುಕೊಳ್ಳುವವರಿದ್ದಾರೆ. ಎರಡು ಸಂದರ್ಭದಲ್ಲಿ ಅದು ಸುಳ್ಳಾಗುತ್ತದೆ.

ಒಂದು, ಬೇಸಿಗೆಯಿಡೀ ಪದರಗಟ್ಟಿ ನಿಂತಿದ್ದ ಆಳದ ಸರೋವರ ಚಳಿಗೆ ಮೊದಲ ಬಾರಿ ಮಗುಚಿದಾಗ. ತಳದಲ್ಲಿ ಕೊಳೆತು ಆಮ್ಲಜನಕ ಕಳೆದುಕೊಂಡ ನೀರು ಗಂಧಕದ ವಾಸನೆಯೊಡನೆ ಮೇಲಕ್ಕೆ ಬಂದು ಬೆರೆಯುತ್ತದೆ. ಕೆಲವು ದಿನ ಮೀನು ಎಲ್ಲಿಯೂ ತಿನ್ನುವುದಿಲ್ಲ, ಕೆಲವು ಕಡೆ ಸತ್ತು ತೇಲುವುದೂ ಉಂಟು. ಹಾಗೆಂದು ಮಗುಚುವುದು ಕೆಟ್ಟದ್ದಲ್ಲ, ತಳಕ್ಕೆ ಹೊಸ ಉಸಿರು ತಲುಪುವುದು ಅದರಿಂದಲೇ. ಜಪಾನಿನ ಬಿವಾ ಸರೋವರದ ಉತ್ತರ ಭಾಗ ಪ್ರತಿ ಚಳಿಗಾಲವೂ ಹೀಗೆ ತಳದವರೆಗೆ ಬೆರೆಯುತ್ತಿತ್ತು. 2019ರಲ್ಲಿ ಚಳಿ ಸಾಲದೆ ಪೂರ್ತಿ ಬೆರೆಯಲಿಲ್ಲ, ಮರುವರ್ಷವೂ ಅದೇ ಆಯಿತು. ಜಿನೀವಾ ಸರೋವರ ತಳದವರೆಗೆ ಬೆರೆಯುವುದು ಕಡುಚಳಿಯ ವರ್ಷಗಳಲ್ಲಿ ಮಾತ್ರ, 2012ರಲ್ಲಿ ಹಾಗಾಗಿತ್ತು. ಚಳಿಗಾಲ ಮೆತ್ತಗಾಗುತ್ತಿರುವುದರ ಪರಿಣಾಮ ನಮ್ಮ ಗಾಳದ ತುದಿಗೂ ತಲುಪುತ್ತದೆ. ಅದನ್ನು ಯೋಚಿಸಿದಾಗ ನನಗೆ ನಿಜವಾಗಿಯೂ ಕಳವಳವಾಗುತ್ತದೆ.

ಎರಡು, ಕಡಿಮೆ ಆಳದ ಸರೋವರದ ಮಂಜುಗಡ್ಡೆಯ ಮೇಲೆ ಹಿಮ ದಪ್ಪವಾಗಿ ಬಿದ್ದಾಗ. ಬೆಳಕು ಒಳಗೆ ಹೋಗುವುದಿಲ್ಲ, ನೀರುಸಸ್ಯಗಳು ಆಮ್ಲಜನಕ ಕೊಡುವುದಿಲ್ಲ, ಕೊಳೆಯುವಿಕೆ ಇದ್ದದ್ದನ್ನೂ ತಿನ್ನುತ್ತದೆ. ಮೇಲೆ ಗಡ್ಡೆ ಮುಚ್ಚಿರುವುದರಿಂದ ಗಾಳಿಯಿಂದಲೂ ಬರುವುದಿಲ್ಲ. ಆಗ ತಳದ 4 ಡಿಗ್ರಿಯ ಆಸೆ ಬಿಟ್ಟು ಮೀನುಗಳು ಗಡ್ಡೆಯ ಕೆಳಗೆ ಮೇಲೇರುತ್ತವೆ. ಕ್ರೂಸಿಯನ್ ಗೆಂಡೆಯಂಥ ಒಂದೆರಡು ಜಾತಿ ಮಾತ್ರ ಆಮ್ಲಜನಕ ಪೂರ್ತಿ ಮುಗಿದರೂ ದೇಹದೊಳಗಿನ ಲ್ಯಾಕ್ಟಿಕ್ ಆಮ್ಲವನ್ನು ಆಲ್ಕೋಹಾಲ್ ಆಗಿ ಮಾರ್ಪಡಿಸಿ ಕಿವಿರಿನ ಮೂಲಕ ಹೊರಹಾಕುತ್ತಾ ತಿಂಗಳುಗಟ್ಟಲೆ ಬದುಕುತ್ತವೆ.

ಹಿಮದಹೆಜ್ಜೆ

ನಿಜ. ಜನವರಿ ಕಳೆದ ಮೇಲೆ ಹಿಮ ದಪ್ಪವಾದ ಸರೋವರದಲ್ಲಿ ತಳದಲ್ಲಿ ಏನೂ ಸಿಗದೆ ಗಡ್ಡೆಯಿಂದ ಒಂದು ಮೀಟರ್ ಕೆಳಗೇ ಪರ್ಚ್ ಸಿಗುತ್ತದೆ. ಕಾರಣ ಇದೇ.

ಆಳನೀರು

ಸೋನಾರ್ ಇಟ್ಟುಕೊಂಡವರಿಗೆ ಚಳಿಗಾಲ ಸುಗ್ಗಿ. ಗುಂಪು ಒಂದೇ ಗುಂಡಿಯಲ್ಲಿ ನಿಂತಿರುತ್ತದೆ, ಪರದೆಯ ಮೇಲೆ ಅಷ್ಟೂ ಕಾಣುತ್ತದೆ. ಒಮ್ಮೆ ಸಿಕ್ಕಿತೆಂದರೆ ದಿನವಿಡೀ ಎತ್ತುತ್ತಲೇ ಇರಬಹುದು.

ಕೆರೆದಂಡೆ

ನನ್ನ ಹೊಟ್ಟೆ ಉರಿಯುವುದು ಇಲ್ಲಿಯೇ. ಬೇಸಿಗೆಯಲ್ಲಿ ಕೆರೆಯ ತುಂಬ ಚದುರಿರುವ ಮೀನು ಚಳಿಗಾಲದಲ್ಲಿ ಒಂದೆರಡು ಗುಂಡಿಗಳಲ್ಲಿ ಸೇರಿರುತ್ತದೆ. ಆ ಗುಂಡಿಯಿಂದ ದಿನವಿಡೀ ಎತ್ತಿದರೆ ನೀವು ಖಾಲಿ ಮಾಡುತ್ತಿರುವುದು ಒಂದು ಗುಂಡಿಯನ್ನಲ್ಲ, ಇಡೀ ಕೆರೆಯ ದೊಡ್ಡ ಮೀನುಗಳನ್ನು. ಅವುಗಳಲ್ಲಿ ಎಷ್ಟೋ ಹೆಣ್ಣುಗಳ ಹೊಟ್ಟೆಯಲ್ಲಿ ಮುಂದಿನ ಋತುವಿನ ಮೊಟ್ಟೆ ಆಗಲೇ ಬೆಳೆಯುತ್ತಿರುತ್ತದೆ. ಬೇಕಾದಷ್ಟು ಹಿಡಿದ ಮೇಲೆ ದಯವಿಟ್ಟು ಆ ಜಾಗ ಬಿಟ್ಟು ಏಳಿ. ನಿಯಮ ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಆಳನೀರು

ನಾನು ಹಿಡಿದು ಬಿಡುವವನು, ಮನೆಗೆ ಒಯ್ಯುವವನಲ್ಲ.

ಮೀನುಜೀವಿ

ಬಿಟ್ಟ ಮೀನೆಲ್ಲ ಬದುಕುತ್ತದೆ ಎಂಬ ಭರವಸೆ ಆಳದಿಂದ ಎತ್ತಿದಾಗ ಇಲ್ಲ. 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಎರಡರಷ್ಟು. ಅಲ್ಲಿಂದ ಮೇಲೆ ತಂದರೆ ಈಜುಚೀಲದ ಗಾಳಿ ಎರಡರಷ್ಟು ಹಿಗ್ಗುತ್ತದೆ. ಗೆಂಡೆಗೂ ಟ್ರೌಟ್‌ಗೂ ಈಜುಚೀಲದಿಂದ ಅನ್ನನಾಳಕ್ಕೆ ಕೊಳವೆ ಇದೆ, ಗಾಳಿಯನ್ನು ಹೊರಬಿಡುತ್ತವೆ. ಪರ್ಚ್ ಮತ್ತು ಅದರ ಬಳಗದ ಮೀನುಗಳಿಗೆ ಆ ದಾರಿ ಇಲ್ಲ. ಹೊಟ್ಟೆ ಊದಿ, ಕಣ್ಣು ಉಬ್ಬಿ, ಬಿಟ್ಟರೂ ಮುಳುಗಲಾರದೆ ತೇಲುತ್ತವೆ. ಅಂಥ ಮೀನು ಅಷ್ಟು ಆಳದಲ್ಲಿ ಗುಂಪಾಗಿ ಕಂಡರೆ, ಬಿಡುವ ಉದ್ದೇಶವಿದ್ದವರು ಅಲ್ಲಿಗೆ ಗಾಳ ಹಾಕದಿರುವುದೇ ಸರಿ.

ಕೊರೆಯುವ ಗಾಳಿಯಲ್ಲಿ ಮೀನನ್ನು ಫೋಟೊಗೆಂದು ಎತ್ತಿ ಹಿಡಿಯುವುದೂ ಬೇಡ. ಉಷ್ಣತೆ ಸೊನ್ನೆಯ ಕೆಳಗಿದ್ದರೆ ಕಿವಿರಿನ ನವಿರು ಪದರ ಮತ್ತು ಕಣ್ಣು ಬಹು ಬೇಗ ಹೆಪ್ಪುಗಟ್ಟುತ್ತವೆ. ಒದ್ದೆ ಕೈಯಿಂದ, ನೀರಿನಲ್ಲೇ ಇಟ್ಟು ಗಾಳ ಬಿಡಿಸಿ. ಒಣ ಉಣ್ಣೆಯ ಕೈಗವಸು ಅದರ ಮೈಯ ಲೋಳೆಯನ್ನು ಒರೆಸಿಬಿಡುತ್ತದೆ.

ಆಳನೀರು

ಈಜುಚೀಲದ ಮಾತು ಸರಿಯಾಗಿದೆ. ಪರ್ಚ್ ಗುಂಪಿಗೆ ಇನ್ನು ಆಳದಲ್ಲಿ ಗಾಳ ಹಾಕುವುದಿಲ್ಲ.

ಹಿಮದಹೆಜ್ಜೆ

ಗಡ್ಡೆಯ ಮೇಲೆ ಹೋಗುವ ಆಸೆ ಇದನ್ನು ಓದಿ ಯಾರಿಗಾದರೂ ಹುಟ್ಟಿದ್ದರೆ ಕೆಲವು ಮಾತು ಕಡ್ಡಾಯವಾಗಿ ತಿಳಿದಿರಲಿ. ಒಬ್ಬ ಮನುಷ್ಯ ನಡೆಯಲು ತಿಳಿಯಾದ, ಗಟ್ಟಿ ಗಡ್ಡೆ ಕನಿಷ್ಠ 10 ಸೆಂಟಿಮೀಟರ್ ಬೇಕು. ಹಿಮ ಬೆರೆತು ಬಿಳಿಯಾದ ಗಡ್ಡೆಯ ಬಲ ಅದರ ಅರ್ಧದಷ್ಟು, ಹಾಗಾಗಿ ದಪ್ಪ ಎರಡರಷ್ಟಿರಬೇಕು. ದಂಡೆಯಲ್ಲಿ ಒಮ್ಮೆ ಅಳೆದು ನಡುವಿಗೆ ನಡೆದುಬಿಡಬೇಡಿ, ಹೋಗುತ್ತಾ ಹೋಗುತ್ತಾ ಕೊರೆದು ನೋಡಿ. ಒರತೆ, ಹೊಳೆ ಸೇರುವ ಬಾಯಿ, ಜೊಂಡಿನ ಸುತ್ತ ಗಡ್ಡೆ ತೆಳು. ಮೇಲೆ ಕೆರೆದಂಡೆಯವರು ಹೊಗಳಿದ ಒರತೆಯೇ ಇಲ್ಲಿ ಪ್ರಾಣಾಪಾಯ.

ಕತ್ತಿನಲ್ಲಿ ಒಂದು ಜೊತೆ ಮೊನಚು ಮೊಳೆಯ ಹಿಡಿಕೆ ನೇತುಹಾಕಿಕೊಳ್ಳಿ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಅವರು ಜನರಿಗೆ ಕಲಿಸುವ 1-10-1 ಲೆಕ್ಕ ನೆನಪಿರಲಿ. ಬಿದ್ದ ಕೂಡಲೇ ಉಸಿರು ತಾನಾಗಿ ಏದುತ್ತದೆ, ಅದನ್ನು ಹತೋಟಿಗೆ ತರಲು 1 ನಿಮಿಷ. ಕೈಕಾಲು ನಿಮ್ಮ ಮಾತು ಕೇಳುವುದು ಸುಮಾರು 10 ನಿಮಿಷ. ಪ್ರಜ್ಞೆ ತಪ್ಪುವುದು ಸುಮಾರು 1 ಗಂಟೆಗೆ. ಮೊದಲ ನಿಮಿಷ ತಲೆಯನ್ನು ನೀರಿನ ಮೇಲಿಟ್ಟು ಉಸಿರಾಡಿ, ಬೇರೇನೂ ಮಾಡಬೇಡಿ. ಆಮೇಲೆ ಬಂದ ದಿಕ್ಕಿಗೇ ತಿರುಗಿ, ಆ ಗಡ್ಡೆ ನಿಮ್ಮ ಭಾರ ತಡೆದಿತ್ತು. ಮೊಳೆ ಚುಚ್ಚಿ, ಕಾಲು ಬಡಿದು ಮೈಯನ್ನು ಅಡ್ಡಲಾಗಿಸಿ, ಮೇಲೆ ಬಂದ ಮೇಲೆ ಏಳದೆ ಉರುಳುತ್ತಾ ದೂರ ಸರಿಯಿರಿ.

ಗುಡಾರದೊಳಗೆ ಒಲೆ ಹಚ್ಚುವವರು ಗಾಳಿ ಆಡಲು ದಾರಿ ಬಿಡಿ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹೆಪ್ಪುಗಟ್ಟದ ಕೆರೆಯವರಿಗೂ ಹೇಳುತ್ತೇನೆ: 12-15 ಡಿಗ್ರಿಯ ನೀರೂ ಮೊದಲ ನಿಮಿಷದ ಆ ಆಘಾತ ಕೊಡುತ್ತದೆ. ದೋಣಿಯಲ್ಲಿದ್ದರೆ ತೇಲುಡುಪು ಮೈಮೇಲೇ ಇರಲಿ, ದೋಣಿಯ ಮೂಲೆಯಲ್ಲಿ ಅಲ್ಲ.

ಹೊಸಗಾಳ

ಎಲ್ಲರಿಗೂ ಧನ್ಯವಾದ. ಈ ವಾರ ಮಧ್ಯಾಹ್ನ ಉತ್ತರ ದಂಡೆಯಲ್ಲಿ, ಇಳಿಜಾರು ಮುಗಿಯುವ ಜಾಗದಲ್ಲಿ ಕೂರುತ್ತೇನೆ. ಕೊನೆಯದಾಗಿ, ಆಳದ ನೀರಿನ ಉಷ್ಣತೆ ತಿಳಿಯುವುದು ಹೇಗೆ? ಸಾಮಾನ್ಯ ಥರ್ಮಾಮೀಟರ್ ಕಟ್ಟಿ ಇಳಿಸಿದರೆ ಮೇಲೆ ಎಳೆಯುವಷ್ಟರಲ್ಲಿ ಅಂಕಿ ಬದಲಾಗಿಬಿಡುತ್ತದೆ.

ನಿಧಾನಿ

ದಪ್ಪ ಗೋಡೆಯ ಬಾಟಲಿಯೊಳಗೆ ಥರ್ಮಾಮೀಟರ್ ಇಡಿ. ಬಾಟಲಿಯ ತಳಕ್ಕೆ ಭಾರ ಕಟ್ಟಿ, ಬಾಯಿಗೆ ಬಿರಡೆ ಹಾಕಿ. ಬಾಟಲಿಯ ಕುತ್ತಿಗೆಗೆ ಒಂದು ದಾರ, ಬಿರಡೆಗೆ ಇನ್ನೊಂದು. ಬೇಕಾದ ಆಳಕ್ಕೆ ಇಳಿಸಿ ಬಿರಡೆಯ ದಾರ ಜಗ್ಗಿ. ಗುಳ್ಳೆಗಳು ಮೇಲೆ ಬರುವುದು ನಿಂತಾಗ ಬಾಟಲಿ ತುಂಬಿತು ಎಂದರ್ಥ. ಐದು ನಿಮಿಷ ಅಲ್ಲೇ ಬಿಟ್ಟು ಮೇಲೆಳೆಯಿರಿ. ಬಾಟಲಿ ತುಂಬ ಆ ಆಳದ ನೀರೇ ಇರುವುದರಿಂದ ಓದಿಕೊಳ್ಳುವವರೆಗೆ ಅಂಕಿ ಹೆಚ್ಚು ಕದಲುವುದಿಲ್ಲ. ದಾರಕ್ಕೆ ಮೀಟರಿಗೊಂದು ಗಂಟು ಹಾಕಿಟ್ಟುಕೊಳ್ಳಿ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಎರಡಕ್ಕೆ ಒಮ್ಮೆ, ದಂಡೆಯಲ್ಲೂ ಗುಂಡಿಯಲ್ಲೂ ಅಳೆದು ಇಲ್ಲಿ ಬರೆಯಿರಿ. ಎಲ್ಲಿ ಕೂರಬೇಕೆಂದು ಆ ನಾಲ್ಕು ಅಂಕಿಗಳನ್ನು ನೋಡಿ ಹೇಳಬಹುದು.